ಶುಕ್ರವಾರ ಸಂಜೆ ಮುಚ್ಚುವ ಅಂಗಡಿ

ದೊಡ್ಡಮ್ಮ, ನಿಮ್ಮ ಅಂಗಡಿಗೆ ಬೀಗ ಹಾಕಿಸಿದವಳು ನಾನು. ನೀವು ಯಾವ ತಪ್ಪು ಗುಂಡಿಯನ್ನೂ ಒತ್ತಿರಲಿಲ್ಲ. ನಿಮಗೆ ಮರೆವೂ ಆಗಿರಲಿಲ್ಲ.

ಹೇಳಬೇಕಾದದ್ದು ಇಷ್ಟೇ, ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಿಮ್ಮನ್ನು ಬಲ್ಲೆ. ಇಷ್ಟು ಓದಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, "ಹೋಗ್ಲಿ ಬಿಡೆ ಪುಟ್ಟಿ, ಆಟ ತಾನೆ" ಎಂದುಬಿಡುತ್ತೀರಿ. ಅಷ್ಟು ಸುಲಭಕ್ಕೆ ನನ್ನನ್ನು ಬಿಡಬೇಡಿ. ಪೂರ್ತಿ ಓದಿ.

ಬಾಯಿಮಾತಿನಲ್ಲಿ ಹೇಳಲು ಪ್ರಯತ್ನ ಮಾಡಲಿಲ್ಲ ಎಂದಲ್ಲ. ದೆಹಲಿಯಲ್ಲೇ ಹುಟ್ಟಿ ಬೆಳೆದ ನಾಲಿಗೆ ನನ್ನದು. ಕಷ್ಟದ ಮಾತು ಬಂದೊಡನೆ ಹಿಂದಿಗೆ ಜಾರುತ್ತದೆ, ಅಲ್ಲಿಂದ ಇಂಗ್ಲಿಷಿಗೆ, ಕೊನೆಗೆ ತಮಾಷೆಗೆ. ಬರೆಯುವ ಕನ್ನಡ ಮಾತ್ರ ನೀವು ಕಲಿಸಿದ್ದು. ಅಪ್ಪ ಅಮ್ಮ ಇಬ್ಬರೂ ಆಫೀಸಿನಿಂದ ಬರುವವರೆಗೆ ನಿಮ್ಮ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡು, ಊರಿಂದ ಬಂದ ಸಾಮಾನಿಗೆ ಸುತ್ತಿದ್ದ ಹಳೆಯ ಪತ್ರಿಕೆಯ ಹಾಳೆಗಳನ್ನು ಓದಿಸುತ್ತಿದ್ದಿರಿ. ಎಲ್ಲವೂ ಅರ್ಧ ಹರಿದ ಸುದ್ದಿಗಳು. ಮುಂದೇನಾಯಿತು ಎಂದು ಕೇಳಿದರೆ "ನೀನೇ ಬರಿ" ಎನ್ನುತ್ತಿದ್ದಿರಿ. ಈ ಅಕ್ಷರಗಳಲ್ಲಿ ನಾನು ಇದುವರೆಗೆ ಸುಳ್ಳು ಬರೆದಿಲ್ಲ. ಹೇಳಿದ್ದೇನೆ — ಬರೆದಿಲ್ಲ.

ನನ್ನ ಕೆಲಸ ಏನೆಂದು ನೀವು ಎಷ್ಟೋ ಸಲ ಕೇಳಿದ್ದೀರಿ, ನಾನು ಪ್ರತಿಸಲವೂ ಅರ್ಧ ಹೇಳಿ ಮಾತು ಬದಲಿಸಿದ್ದೇನೆ. ನೋಯ್ಡಾದ ನನ್ನ ಕಂಪನಿ ಮೊಬೈಲ್ ಆಟಗಳನ್ನು ಮಾಡುತ್ತದೆ. ಅದರಲ್ಲಿ ಒಂದು ಆಟಕ್ಕೆ ನೀವು ಇಟ್ಟ ಹೆಸರು ಅಂಗಡಿ ಆಟ. ಅದರ ನಿಜವಾದ ಹೆಸರಿಗಿಂತ ಇದೇ ಚೆನ್ನಾಗಿದೆ, ಇಲ್ಲಿಯೂ ಅದೇ ಇರಲಿ. ಆಟಕ್ಕೆ ಸೇರಿದ ಪ್ರತಿಯೊಬ್ಬರಿಗೂ ಒಂದು ತುಂಡು ಹೊಲ, ಒಂದು ಪುಟ್ಟ ಅಂಗಡಿ. ಬೆಳೆದದ್ದನ್ನು ಪೇಟೆಯಲ್ಲಿ ಮಾರಬಹುದು. ಇಲ್ಲವೇ ಗೊತ್ತಿರುವವರ ಜೊತೆ ಬುಟ್ಟಿಗೆ ಬುಟ್ಟಿ ಅದಲುಬದಲು ಮಾಡಿಕೊಳ್ಳಬಹುದು. ದೇಶದ ಮೂಲೆಮೂಲೆಯ ಜನ ಸೇರುವ ಆ ಪೇಟೆಯಲ್ಲಿ ಬೆಲೆಗಳು ಹದ್ದುಮೀರದಂತೆ, ಮೋಸ ನಡೆಯದಂತೆ, ಹೊಸಬರಿಗೂ ಬದುಕಲು ಜಾಗ ಇರುವಂತೆ ನಿಯಮ ಮಾಡುವುದು ನನ್ನ ಕೆಲಸ. ನೀವು ನೆಂಟರಿಗೆಲ್ಲ "ನಮ್ಮ ಪುಟ್ಟಿ ಮಂಡಿ ನೋಡ್ಕೊಳ್ತಾಳೆ" ಎಂದು ಹೇಳಿದ್ದರಿಂದ ಅವರು ನಾನು ಆಜಾದ್‌ಪುರದ ತರಕಾರಿ ಮಂಡಿಯಲ್ಲಿ ಕೆಲಸಕ್ಕಿದ್ದೇನೆಂದು ತಿಳಿದು, ಮದುವೆಮನೆಯಲ್ಲಿ ಈರುಳ್ಳಿ ಬೆಲೆ ಯಾವಾಗ ಇಳಿಯುತ್ತದೆ ಎಂದು ನನ್ನನ್ನು ಕೇಳಿದ್ದರು.

ಆಟವನ್ನು ನಿಮ್ಮ ಫೋನಿಗೆ ಹಾಕಿಕೊಟ್ಟವಳೂ ನಾನೇ. ದೊಡ್ಡಪ್ಪ ಹೋದ ಮೇಲೆ ನೀವು ಪೀತಮ್‌ಪುರಕ್ಕೆ, ರವಿಯ ಮನೆಗೆ ಬಂದಿರಿ. ಮಗ ರವಿ, ಸೊಸೆ ಸಿಮ್ರನ್, ಮೊಮ್ಮಕ್ಕಳು — ಮನೆ ತುಂಬ ಜನ, ಎಲ್ಲರಿಗೂ ನೀವೆಂದರೆ ಪ್ರಾಣ. ಆದರೂ ಒಂದು ಭಾನುವಾರ ನೀವು ನನ್ನನ್ನು ಬಾಲ್ಕನಿಗೆ ಕರೆದು ಹೇಳಿದ್ದಿರಿ: "ಇವತ್ತು ಹುಳಿಗೆ ಏನು ಹಾಕಿದ್ರಿ ಅಂತ ಕೇಳೋರೇ ಇಲ್ಲ ಕಣೆ." ಸಿಮ್ರನ್ ನಿಮ್ಮ ಹುಳಿಯನ್ನು ಬಾಯಿ ಚಪ್ಪರಿಸಿ ತಿನ್ನುತ್ತಾಳೆ, ಆದರೆ ಅವಳಿಗೆ ಅದು ದಾಲ್. ಆ ಮಧ್ಯಾಹ್ನವೇ ನಿಮ್ಮ ಫೋನಿನಲ್ಲಿ ಅಂಗಡಿ ತೆರೆದುಕೊಟ್ಟೆ. ಹೆಸರು ಏನಿಡಲಿ ಎಂದು ಕೇಳಿದೆ. ನೀವು ಸ್ವಲ್ಪ ಹೊತ್ತು ಯೋಚಿಸಿ ನಿಮ್ಮ ಅಮ್ಮನ ಹೆಸರು ಹೇಳಿದಿರಿ. ನಾಗವೇಣಿ ಸ್ಟೋರ್ಸ್.

ಆಮೇಲೆ ನಿಮ್ಮ ಗುಂಪು ಒಬ್ಬೊಬ್ಬರಾಗಿ ಬಂದು ಸೇರಿತು. ಹಳೆಯ ಕ್ವಾರ್ಟರ್ಸಿನ ಒಂದೇ ಸಾಲಿನಲ್ಲಿ ಇದ್ದವರು ನೀವೆಲ್ಲ. ಯಜಮಾನರು ನಿವೃತ್ತರಾದ ಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದವರು. ಲಕ್ಷ್ಮೀ ನಗರದಲ್ಲಿ ಮಗನ ಕೋಚಿಂಗ್ ಕ್ಲಾಸಿನ ಮೇಲಿನ ಮನೆಯಲ್ಲಿರುವ ಶಾರದಮ್ಮ, ಮೈಸೂರಿಗೆ ಹೋದವರು, ಪುಣೆಯಲ್ಲಿ ಮಗಳ ಮನೆಗೆ ಹೋದವರು — ಎಲ್ಲರೂ ಆ ಪೇಟೆಯಲ್ಲಿ ಮತ್ತೆ ಅಕ್ಕಪಕ್ಕದವರಾದಿರಿ. ದಿನಾ ಸಂಜೆ ನಾಲ್ಕಕ್ಕೆ, ಕಾಫಿಯ ಹೊತ್ತಿಗೆ, ಬುಟ್ಟಿಗಳು ಓಡಾಡಲು ಶುರುವಾಗುತ್ತಿದ್ದವು.

ನಿಮ್ಮ ಜೊತೆಗೆ ಕ್ವಾರ್ಟರ್ಸಿನ ಕಟ್ಟಳೆಯೂ ಆಟದೊಳಕ್ಕೆ ಬಂತು. ಬೇರೆಯವರ ಮನೆಯ ಡಬ್ಬಿಯನ್ನು ಖಾಲಿಯಾಗಿ ಹಿಂದಿರುಗಿಸಬಾರದು. ನೀವು ಕಳಿಸಿದ ಕೋಡುಬಳೆಯ ಡಬ್ಬಿಯನ್ನು ಶಾರದಮ್ಮನ ಮನೆಯಿಂದ ವಾಪಸ್ಸು ತರುವಾಗ ಅದರೊಳಗೆ ಏನಾದರೂ ಸದ್ದು ಮಾಡುತ್ತಿತ್ತು — ಒಂದು ನಿಂಬೆಹಣ್ಣು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ. ನಾನು ದಾರಿಯಲ್ಲೇ ಮುಚ್ಚಳ ತೆಗೆದು ಅಷ್ಟಿಷ್ಟು ಸಕ್ಕರೆ ನೆಕ್ಕಿದ್ದು ನಿಮಗೆ ಗೊತ್ತಾಗಿಯೂ ಸುಮ್ಮನಿದ್ದಿರಿ. ಆಟದಲ್ಲಿಯೂ ನೀವೆಲ್ಲ ಅದನ್ನೇ ಮಾಡಿದಿರಿ. ಒಬ್ಬರು ಬುಟ್ಟಿ ತುಂಬ ಬದನೆಕಾಯಿ ಕಳಿಸಿದರೆ, ಇನ್ನೊಬ್ಬರು ಅದೇ ಬುಟ್ಟಿಯಲ್ಲಿ ಒಂದೇ ಒಂದು ನಿಂಬೆಹಣ್ಣು ಇಟ್ಟು ಹಿಂದಿರುಗಿಸುತ್ತಿದ್ದರು.

ಇನ್ನೊಂದು ಕಟ್ಟಳೆ ಶುಕ್ರವಾರದ್ದು. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಮನೆಯಿಂದ ಏನನ್ನೂ ಹೊರಗೆ ಕೊಡಬಾರದು. ಹಾಲು, ಮೊಸರು, ಉಪ್ಪು, ದುಡ್ಡು — ಯಾವುದೂ ಇಲ್ಲ. ಲಕ್ಷ್ಮಿ ಮನೆಯಲ್ಲಿರುವ ಹೊತ್ತು. ಒಂದು ಶುಕ್ರವಾರ ಅಮ್ಮ ಹೆಪ್ಪಿಗೆ ಮೊಸರು ತಾ ಎಂದು ಕಳಿಸಿದಾಗ, ಸ್ವಂತ ತಂಗಿಯ ಮಗಳಾದ ನನ್ನನ್ನೂ ನೀವು ಖಾಲಿ ಬಟ್ಟಲಿನಲ್ಲಿ ವಾಪಸ್ಸು ಕಳಿಸಿದ್ದಿರಿ. ನಾನು ಅಳುತ್ತಾ ಮನೆಗೆ ಹೋದ ನೆನಪು.

ಈಗ ತಪ್ಪಿಗೆ ಬರುತ್ತೇನೆ.

ಒಂದು ಚಳಿಗಾಲ ಆಟದ ಪೇಟೆ ಹದಗೆಟ್ಟಿತು. ಕೆಲವರು ಸುಳ್ಳು ಹೆಸರಿನಲ್ಲಿ ರಾಶಿ ರಾಶಿ ಅಂಗಡಿ ತೆರೆದು, ಅವುಗಳಲ್ಲಿ ಬೆಳೆದದ್ದನ್ನೆಲ್ಲ ಅದಲುಬದಲಿನ ನೆಪದಲ್ಲಿ ಪುಕ್ಕಟೆಯಾಗಿ ಒಂದೇ ಅಂಗಡಿಗೆ ಸಾಗಿಸುತ್ತಿದ್ದರು. ಆ ತುಂಬಿದ ಅಂಗಡಿಯನ್ನು ಹೊರಗೆ ನಿಜವಾದ ದುಡ್ಡಿಗೆ ಮಾರುತ್ತಿದ್ದರು. ಬೆಲೆಗಳು ಕೈಗೆ ಸಿಗದಂತೆ ಏರಿದವು, ಹೊಸದಾಗಿ ಬಂದವರು ಬೀಜ ಕೊಳ್ಳಲೂ ಆಗದೆ ಆಟ ಬಿಟ್ಟು ಹೋಗತೊಡಗಿದರು. ಸರಿಮಾಡುವ ಹೊಣೆ ನನ್ನ ತಲೆಗೆ ಬಂತು. ಆಗ ತಾನೇ ನನ್ನನ್ನು ತಂಡದ ಮುಖ್ಯಸ್ಥೆ ಮಾಡಿದ್ದರು. ಆ ಪಟ್ಟಕ್ಕೆ ನಾನು ಯೋಗ್ಯಳು ಎಂದು ತೋರಿಸುವ ಆತುರ ಬೇರೆ.

ನಾನು ಮಾಡಿದ ನಿಯಮ ಕಾಗದದ ಮೇಲೆ ಬಹಳ ಅಚ್ಚುಕಟ್ಟು. ಒಂದೇ ಗುಂಪಿನ ಅಂಗಡಿಗಳು ತಮ್ಮತಮ್ಮಲ್ಲೇ ಸುತ್ತಿಸುತ್ತಿ ಅದಲುಬದಲು ಮಾಡುತ್ತಿದ್ದರೆ, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ತಾಳಮೇಳ ಇಲ್ಲದಿದ್ದರೆ, ಅದು ದಿನಾ ಒಂದೇ ಹೊತ್ತಿಗೆ ನಡೆಯುತ್ತಿದ್ದರೆ — ಆ ಅಂಗಡಿಗಳಿಗೆ ಬೀಗ. ಮನುಷ್ಯರು ನಷ್ಟದ ವ್ಯಾಪಾರವನ್ನು ದಿನಾ ಮಾಡುವುದಿಲ್ಲ. ಮಾಡುತ್ತಿದ್ದಾರೆಂದರೆ ಹಿಂದೆ ಮೋಸ ಇದೆ, ಇಲ್ಲವೇ ಮನುಷ್ಯರೇ ಇಲ್ಲ, ಯಂತ್ರ ಆಡುತ್ತಿದೆ. ಹಾಗೆಂದು ನಾನೇ ಬರೆದಿದ್ದೆ. ನಿಮ್ಮ ಅಡುಗೆಮನೆಯಲ್ಲಿ ಬೆಳೆದ ನಾನು ಬರೆದಿದ್ದೆ.

ನಿಯಮವನ್ನು ಹಳೆಯ ವ್ಯವಹಾರಗಳ ಮೇಲೆ ಓಡಿಸಿ ನೋಡಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ಒಂದು ಸಣ್ಣ ಗುಂಪು. ನನ್ನ ಪಕ್ಕದಲ್ಲಿ ಕೂರುವ ನಿತಿನ್ — ಗಾಜಿಯಾಬಾದಿನ ಹುಡುಗ, ಒಳ್ಳೆಯವನು — ಪರದೆಯನ್ನು ನನ್ನ ಕಡೆ ತಿರುಗಿಸಿದ. ಬುಟ್ಟಿ ತುಂಬ ತರಕಾರಿಗೆ ಒಂದು ನಿಂಬೆಹಣ್ಣು. ಮರುದಿನ ಇನ್ನೊಬ್ಬರಿಗೆ, ಮತ್ತೆ ಒಂದು ನಿಂಬೆಹಣ್ಣು. ದಿನಾ ನಾಲ್ಕು ಗಂಟೆಗೆ. "ದೇಖೋ, ಪಕ್ಕಾ ಬಾಟ್ ಹೈ" ಎಂದ — ಆಡುತ್ತಿರುವುದು ಮನುಷ್ಯರಲ್ಲ, ಯಂತ್ರ ಎಂದು. ಆಮೇಲೆ ಇನ್ನೂ ಒಂದನ್ನು ಕಂಡುಹಿಡಿದ. ಶುಕ್ರವಾರ ಸಂಜೆ ಈ ಗುಂಪಿನ ಒಂದು ಅಂಗಡಿಯಿಂದಲೂ ಏನೂ ಹೊರಗೆ ಹೋಗುತ್ತಿರಲಿಲ್ಲ. ತಿಂಗಳುಗಟ್ಟಲೆ, ಒಂದು ಶುಕ್ರವಾರವೂ ತಪ್ಪದೆ.

"ಬಾಟ್‌ಗೂ ವೀಕ್ಲಿ ಆಫ್ ಇದೆ ಯಾರ್" ಎಂದು ನಿತಿನ್ ತನ್ನ ಹಿಂದಿಯಲ್ಲಿ ಹೇಳಿ ನಕ್ಕ.

ನಾನೂ ನಕ್ಕೆ, ದೊಡ್ಡಮ್ಮ. ಅಂಗಡಿಗಳ ಹೆಸರು ನೋಡುವುದಕ್ಕೆ ಮೊದಲೇ ನನಗೆ ಗೊತ್ತಾಗಿಹೋಗಿತ್ತು. ಶುಕ್ರವಾರ ಎಂದ ಕ್ಷಣ ಆ ಖಾಲಿ ಬಟ್ಟಲು ಕೈಯಲ್ಲಿ ತಣ್ಣಗೆ ಕೂತಂತಾಯಿತು. ಆದರೂ ಕೆಳಗೆ ನೋಡಿದೆ. ನಾಗವೇಣಿ ಸ್ಟೋರ್ಸ್ ಮೊದಲನೆಯ ಸಾಲಿನಲ್ಲೇ ಇತ್ತು.

ಅಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. "ಇವರು ನಮ್ಮ ದೊಡ್ಡಮ್ಮ, ಇದು ಮೋಸ ಅಲ್ಲ, ಮರ್ಯಾದೆ" — ಹಿಂದಿಯಲ್ಲಿ ಹೇಳುವುದೂ ಕಷ್ಟವಿರಲಿಲ್ಲ. ಹೇಳಿದ್ದರೆ ನಿತಿನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದ, ನಾವು ನಿಯಮವನ್ನು ತಿದ್ದುತ್ತಿದ್ದೆವು. ಆದರೆ ಅಂದು ಮಧ್ಯಾಹ್ನವೇ ದೊಡ್ಡ ಕೋಣೆಯಲ್ಲಿ ಮೇಲಿನವರೆಲ್ಲರ ಮುಂದೆ ನಾನು ನಿಯಮವನ್ನು ತೋರಿಸಬೇಕಿತ್ತು. ಇದು ತಪ್ಪು ಹಿಡಿಯುತ್ತದೆ ಎಂದು ಒಪ್ಪಿಕೊಂಡರೆ — ಅದೂ ನನ್ನ ಮನೆಯವರನ್ನೇ ಹಿಡಿದಿದೆ ಎಂದರೆ —

ಒಪ್ಪಿಕೊಳ್ಳಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ನಿಮ್ಮ ಗುಂಪನ್ನೇ ಉದಾಹರಣೆಯಾಗಿ ಪರದೆಯ ಮೇಲೆ ಹಾಕಿದೆ. ಯಾಕೆಂದರೆ ಅದಕ್ಕಿಂತ ಚೆನ್ನಾದ ಉದಾಹರಣೆ ನನ್ನ ಹತ್ತಿರ ಇರಲಿಲ್ಲ. ನಿಜವಾದ ಕಳ್ಳರು ನಿಮ್ಮಷ್ಟು ನಿಯಮಿತವಾಗಿ ಇರುವುದಿಲ್ಲ. ನಿಂಬೆಹಣ್ಣಿನ ವಿಷಯ ಹೇಳಿದಾಗ ಕೋಣೆ ನಕ್ಕಿತು, ಶುಕ್ರವಾರದ ವಿಷಯ ಹೇಳಿದಾಗ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ನನಗೆ ಹಿತವಾಗಿತ್ತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಹಿತವಾಗಿದ್ದದ್ದು ನಿಜ.

ನಿಯಮ ಜಾರಿಯಾದ ದಿನ ಸಂಜೆ ನಿಮ್ಮ ಫೋನ್ ಬಂತು. ನಾನು ಆಫೀಸಿನ ಕೆಳಗೆ ಕ್ಯಾಬ್‌ಗೆ ಕಾಯುತ್ತಿದ್ದೆ.

"ಪುಟ್ಟಿ, ನನ್ನ ಅಂಗಡಿಗೆ ಬೀಗ ಬಿದ್ದಿದೆ ಕಣೆ. ಹಿಂದೀಲಿ ಏನೋ ಬರ್ತಾ ಇದೆ, ಸಂದಿಗ್ಧ್ ಲೇನ್‌ದೇನ್ ಅಂತ. ಏನು ಸಂದಿಗ್ಧ ಆಯ್ತು? ನನಗೇನೂ ಗೊಂದಲ ಇರಲಿಲ್ವಲ್ಲ."

ಆ ವಾಕ್ಯವನ್ನು ಬರೆದವಳೂ ನಾನೇ. ಹಿಂದಿಯವರಿಗೆ ಸಂದಿಗ್ಧ ಎಂದರೆ ಅನುಮಾನಕ್ಕೆ ಗುರಿಯಾದದ್ದು, ಲೇನ್‌ದೇನ್ ಎಂದರೆ ಕೊಡುಕೊಳ್ಳುವಿಕೆ. ಇಷ್ಟು ವರ್ಷ ದೆಹಲಿಯಲ್ಲಿದ್ದು ಸಬ್ಜಿವಾಲಾ ಭಯ್ಯಾನ ಜೊತೆ ಚೌಕಾಸಿ ಮಾಡಿ ಗೆಲ್ಲುವವರು ನೀವು. ಆದರೆ ಓದುವಾಗ ಮಾತ್ರ ಕನ್ನಡದ ಅರ್ಥವೇ ನಿಮಗೆ ಮೊದಲು ಹೊಳೆಯುವುದು. ನಿಮ್ಮನ್ನು ಕಳ್ಳಿ ಎಂದು ಅನುಮಾನಿಸಿದ್ದಾರೆ ಎಂದು ತಿಳಿದಿದ್ದರೆ ನೀವು ಸಿಡಿದೇಳುತ್ತಿದ್ದಿರಿ, ಯಾರವನು ಹಾಗೆ ಹೇಳಿದವನು ಎಂದು ನನ್ನ ಆಫೀಸಿಗೇ ಬರುತ್ತಿದ್ದಿರಿ. ಏನೋ ಗೊಂದಲವಾಗಿದೆ ಎಂದು ಓದಿಕೊಂಡದ್ದರಿಂದ, ಗೊಂದಲ ನಿಮ್ಮದೇ ಇರಬೇಕು ಎಂದುಕೊಂಡಿರಿ. ನಾನು ಆ ಅರ್ಥವನ್ನು ತಿದ್ದಲಿಲ್ಲ. ಅದನ್ನೇ ಹಿಡಿದುಕೊಂಡೆ.

"ನೀವೇ ಏನೋ ತಪ್ಪು ಒತ್ತಿರ್ತೀರಿ ದೊಡ್ಡಮ್ಮ" ಎಂದೆ.

"ನಾನಾ? ಏನೂ ಒತ್ತಿಲ್ವಲ್ಲೇ. ಶಾರದಂಗೆ ಹೀರೇಕಾಯಿ ಕಳಿಸ್ದೆ, ಅಷ್ಟೆ."

"ನಾನು ನೋಡ್ದೆ. ನೀವೇ ಒತ್ತಿದ್ದೀರಿ. ನಿಮಗೆ ನೆನಪಿಲ್ಲ, ಅಷ್ಟೆ."

ನೀವು ಸಣ್ಣ ದನಿಯಲ್ಲಿ "ಹೌದಾ" ಎಂದಿರಿ. ಮತ್ತೆ, "ಹಾಗಾದ್ರೆ ಶಾರದ, ಉಳಿದವರು, ಎಲ್ಲರ ಅಂಗಡಿಗಳಿಗೂ ಬೀಗ ಬಿದ್ದಿದ್ದೂ ನನ್ನಿಂದಲೇನಾ?" ಎಂದು ಕೇಳಿದಿರಿ. ನನ್ನ ಕ್ಯಾಬ್ ಬಂದಿತ್ತು. ಹೂಂ ಎಂದುಬಿಟ್ಟೆ.

ನೆನಪಿಲ್ಲ ಎನ್ನುವ ಮಾತು ನಿಮ್ಮ ಮೇಲೆ ಏನು ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ತಿಳಿಯದೆ ಆಡಿದೆ ಎಂದು ಹೇಳಿಕೊಳ್ಳಲು ದಾರಿ ಇಲ್ಲ. ಅಜ್ಜಿ — ನಿಮ್ಮಮ್ಮ ನಾಗವೇಣಿ — ಕೊನೆಯ ವರ್ಷಗಳನ್ನು ನಿಮ್ಮ ಕ್ವಾರ್ಟರ್ಸಿನಲ್ಲಿ ಕಳೆದಾಗ ನಾನು ಅಲ್ಲೇ ಓಡಾಡಿಕೊಂಡಿದ್ದವಳು. ಸಾರಿಗೆ ಉಪ್ಪು ಹಾಕಿ ಮತ್ತೆ ಹಾಕುತ್ತಿದ್ದರು. ನಿಮ್ಮನ್ನೇ ಕರೆದು, "ಅಮ್ಮಾ ತಾಯಿ, ನೀವು ಯಾರ ಮನೆಯವರು?" ಎಂದು ಕೇಳುತ್ತಿದ್ದರು. ನೀವು ಪ್ರತಿಸಲವೂ "ನಿಮ್ಮ ಮನೆಯವಳೇ" ಎನ್ನುತ್ತಿದ್ದಿರಿ, ಬೇಸರವಿಲ್ಲದೆ. ಒಂದು ಸಲ ಮಾತ್ರ, ಅವರನ್ನು ಮಲಗಿಸಿ ಬಂದು, ನನ್ನ ಜಡೆ ಹೆಣೆಯುತ್ತಾ, "ನನಗೆ ಏನು ಬೇಕಾದ್ರೂ ಬರ್ಲಿ, ಇದೊಂದು ಬೇಡ ದೇವರೇ" ಎಂದಿರಿ. ನಾನು ಚಿಕ್ಕವಳು, ಕೇಳಿಸಿಕೊಂಡಿಲ್ಲ ಎಂದುಕೊಂಡಿರಿ. ಕೇಳಿಸಿಕೊಂಡಿದ್ದೆ.

ನೀವು ನಿಮ್ಮ ಗೆಳತಿಯರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ, "ನನ್ನ ಕೈತಪ್ಪಿನಿಂದ ನಿಮ್ಮ ಅಂಗಡಿಯೂ ಹೋಯಿತು" ಎಂದು ಕ್ಷಮೆ ಕೇಳಿದಿರಂತೆ. ಯಾರೂ ಬೈಯಲಿಲ್ಲ. ಶಾರದಮ್ಮ "ವಯಸ್ಸಾಯ್ತಲ್ಲ ವಿಶಾಲಾಕ್ಷಿ, ನಮಗೂ ಹಾಗೇ" ಎಂದರಂತೆ. ಬೈದಿದ್ದರೆ ವಾಸಿಯಿತ್ತು. ಸ್ವಲ್ಪ ದಿನ ಫೋನುಗಳು ನಡೆದವು, ಆಮೇಲೆ ಅಪರೂಪವಾದವು. ಫೋನಿಗೆ ಸುದ್ದಿ ಬೇಕು. ದಿನಾ ಏನು ಸುದ್ದಿ ಇರುತ್ತದೆ ನಿಮ್ಮ ವಯಸ್ಸಿನಲ್ಲಿ? ಬುಟ್ಟಿಗೆ ಒಂದು ನಿಂಬೆಹಣ್ಣು ಸಾಕಿತ್ತು. ಇದ್ದೇನೆ, ನಿನ್ನನ್ನು ನೆನೆಸಿಕೊಂಡೆ, ಅಷ್ಟೇ ಅದರ ಅರ್ಥ. ಶಾರದಮ್ಮನ ಮೊಣಕಾಲಿನ ಆಪರೇಷನ್ ಆದ ವಾರ ನೀವು ನಿಮ್ಮ ಹೊಲದ ಬೆಳೆಯನ್ನೆಲ್ಲ ಅವರಿಗೇ ಕಳಿಸಿದ್ದನ್ನು ನಾನು ಆಮೇಲೆ ಆಫೀಸಿನಲ್ಲಿ ಕೂತು ನೋಡಿದೆ. ನಮ್ಮ ಲೆಕ್ಕದಲ್ಲಿ ಅದೇ ಅತಿ ದೊಡ್ಡ ಅಪರಾಧ ಎಂದು ಗುರುತಾಗಿತ್ತು.

ಬರುಬರುತ್ತಾ ನೀವೇ ನಿಮ್ಮ ಮೇಲೆ ಕಾವಲು ಕೂತಿರಿ. ಗ್ಯಾಸ್ ಆರಿಸಿ ಹೊರಗೆ ಬಂದು, ಮತ್ತೆ ಒಳಗೆ ಹೋಗಿ ನೋಡುತ್ತಿದ್ದಿರಿ. ತರಕಾರಿ ಭಯ್ಯಾನಿಗೆ ಫೋನಿನಲ್ಲಿ ದುಡ್ಡು ಕಳಿಸುವುದನ್ನು ಬಿಟ್ಟಿರಿ. ಮೆಟ್ರೋದಲ್ಲಿ ಎರಡು ಸಲ ಗಾಡಿ ಬದಲಿಸಿ ಲಕ್ಷ್ಮೀ ನಗರಕ್ಕೆ ಒಬ್ಬರೇ ಹೋಗಿಬರುತ್ತಿದ್ದವರು, ರವಿಗೆ ಬಿಡುವಾದಾಗ ಕರೆದುಕೊಂಡು ಹೋಗಲಿ ಎಂದಿರಿ. ರವಿಗೆ ಎಲ್ಲಿಯ ಬಿಡುವು? ಕೊನೆಗೆ ಒಂದು ದಿನ ಒಲೆಯನ್ನೇ ಸಿಮ್ರನ್‌ಗೆ ಬಿಟ್ಟುಕೊಟ್ಟಿರಿ. ಅವಳು ನನಗೆ ಫೋನ್ ಮಾಡಿ, "ದೀದಿ, ಮಮ್ಮೀಜಿ ನನ್ನ ಮೇಲೆ ಕೋಪ ಮಾಡ್ಕೊಂಡಿದ್ದಾರಾ? ಕಿಚನ್‌ಗೇ ಬರ್ತಾ ಇಲ್ಲ" ಎಂದು ತನ್ನ ಅರ್ಧಂಬರ್ಧ ಕನ್ನಡದಲ್ಲಿ ಕೇಳಿದಳು. ಕೋಪ ಇಲ್ಲ ಎಂದೆ. ಮತ್ತೇನು ಎಂದು ಹೇಳಲಿಲ್ಲ.

ಇದರ ನಡುವೆ ನಾನು ಮಾಡಿದ ಇನ್ನೊಂದು ಕೆಲಸ ಇದೆ. ಇದನ್ನು ಹೇಳಲು ಇನ್ನೂ ನಾಚಿಕೆ.

ನನ್ನ ನಿಯಮದಿಂದ ಕಳ್ಳರು ಹೋದರು, ಬೆಲೆಗಳು ಇಳಿದವು. ಆದರೆ ಪೇಟೆ ಸತ್ತಂತಾಯಿತು. ಎಲ್ಲರೂ ಅಳೆದು ತೂಗಿ ಕೊಟ್ಟು ತೆಗೆದುಕೊಂಡು ಹೊರಟುಹೋಗುತ್ತಿದ್ದರು, ಯಾರೂ ನಿಲ್ಲುತ್ತಿರಲಿಲ್ಲ. ವ್ಯಾಪಾರಕ್ಕೆ ಜೀವ ಬರುವಂತೆ ಏನಾದರೂ ಮಾಡಬೇಕು ಎಂದು ಮೇಲಿನವರು ನನ್ನನ್ನೇ ಕೇಳಿದರು. ನಾನು ಏನು ಕೊಟ್ಟೆ, ಗೊತ್ತೆ? ಅದಲುಬದಲು ಮುಗಿದ ಮೇಲೆ ಬುಟ್ಟಿ ಖಾಲಿ ಹೋಗಬಾರದು, ಒಂದು ಸಣ್ಣ ವಸ್ತು ಅದರ ಜೊತೆ ತಿರುಗಿ ಹೋಗಬೇಕು — ಅದನ್ನು ನನ್ನ ಸ್ವಂತ ಯೋಚನೆ ಎಂದು ಕೊಟ್ಟೆ. ಎಲ್ಲಿಂದ ಹೊಳೆಯಿತು ಎಂದು ಕೇಳಿದವರಿಗೆ, ಹೀಗೇ, ಎಂದೆ. ಜನರಿಗೆ ತುಂಬ ಹಿಡಿಸಿತು. ಈಗ ಆಟದ ಜಾಹೀರಾತಿನಲ್ಲಿ ಅದೇ ಮೊದಲು ಬರುತ್ತದೆ. ಬುಟ್ಟಿಯಲ್ಲಿ ಏನು ಇಡಬೇಕೆಂದು ಮಾತ್ರ ಯಂತ್ರವೇ ಆರಿಸುತ್ತದೆ. ಯಾರೂ ಯಾರನ್ನೂ ನೆನೆಸಿಕೊಳ್ಳಬೇಕಾಗಿಲ್ಲ.

ಆಗಲಾದರೂ ನಿಮ್ಮ ಅಂಗಡಿಗಳನ್ನು ತೆರೆಸಬಹುದಿತ್ತು. ಬೀಗ ಬಿದ್ದವರ ಪರವಾಗಿ ಯಾರಾದರೂ ಕಾರಣ ಹೇಳಿ ಕೇಳಿದರೆ ತೆರೆಯುವ ಅವಕಾಶ ಸ್ವಲ್ಪ ಕಾಲ ಇತ್ತು. ಕೇಳಿದ್ದರೆ ಇವು ಯಾರ ಅಂಗಡಿಗಳು, ನಿನಗೆ ಹೇಗೆ ಗೊತ್ತು, ಯಾವಾಗಿನಿಂದ ಗೊತ್ತು ಎಂಬ ಪ್ರಶ್ನೆಗಳು ಬರುತ್ತಿದ್ದವು. ಇವತ್ತು ಕೇಳುತ್ತೇನೆ, ನಾಳೆ ಕೇಳುತ್ತೇನೆ ಎಂದುಕೊಂಡು ಗಡುವು ದಾಟಿಸಿದೆ. ಅಂಗಡಿಗಳು ಅಳಿಸಿಹೋದವು. ಅಜ್ಜಿಯ ಹೆಸರಿನ ಬೋರ್ಡು ಈಗ ಎಲ್ಲಿಯೂ ಇಲ್ಲ.

ಹೀಗೇ ಎರಡು ವರ್ಷ ದಾಟಿತು. ಕಳೆದ ತಿಂಗಳು ರವಿ ಫೋನ್ ಮಾಡಿದ. ನೀವೇ ಹಟ ಹಿಡಿದು ಮರೆವಿನ ಡಾಕ್ಟರ ಹತ್ತಿರ ಹೋದಿರಂತೆ. ಅವರು ಚಿತ್ರ ತೋರಿಸಿ, ಕಥೆ ಹೇಳಿಸಿ, ಲೆಕ್ಕ ಮಾಡಿಸಿ, ಎಲ್ಲ ನೋಡಿ, "ಮಾತಾಜಿಗೆ ಏನೂ ಇಲ್ಲ, ನನಗಿಂತ ಚೆನ್ನಾಗಿ ನೆನಪಿದೆ" ಎಂದರಂತೆ. ರವಿ ಖುಷಿಯಿಂದ ಹೇಳುತ್ತಿದ್ದ, ನನ್ನ ಎದೆಯ ಭಾರವೂ ಇಳಿಯುವುದರಲ್ಲಿತ್ತು. ಆಗ ಅವನು ಅಂದ, "ಆದ್ರೆ ಅಮ್ಮ ನಂಬ್ತಾನೇ ಇಲ್ಲ ಕಣೆ. ಡಾಕ್ಟರಿಗೆ ಏನು ಗೊತ್ತು, ಅಂಗಡಿ ವಿಷಯದಲ್ಲಿ ಪುಟ್ಟಿ ಕಣ್ಣಾರೆ ನೋಡಿ ಹೇಳಿದ್ದಾಳೆ ಅಂತಾಳೆ. ಅದೇನದು, ನಿನಗೆ ಗೊತ್ತಾ?"

ಪರೀಕ್ಷೆ ಮಾಡಿದ ಡಾಕ್ಟರಿಗಿಂತ ನನ್ನ ಮಾತು ನಿಮಗೆ ದೊಡ್ಡದಾಯಿತು. ನಿಮ್ಮ ಬುದ್ಧಿಯ ಮೇಲೆ ನಿಮಗಿರುವ ಅನುಮಾನಕ್ಕೆ ಇರುವ ಆಧಾರ ಅದೊಂದೇ — ನಾನು ಕ್ಯಾಬ್ ಹತ್ತುವ ಅವಸರದಲ್ಲಿ ಆಡಿದ ಒಂದು ಸುಳ್ಳು. ಮರೆವು ನಿಮ್ಮದಲ್ಲ ದೊಡ್ಡಮ್ಮ. ನಾನು ಕೊಟ್ಟದ್ದು ಅದು.

ರವಿಗೂ ಹೇಳಲಿಲ್ಲ. ಮಾರನೆಯ ಭಾನುವಾರ ಹೇಳಿಯೇ ಬರುತ್ತೇನೆ ಎಂದುಕೊಂಡು ಪೀತಮ್‌ಪುರಕ್ಕೆ ಬಂದೆ. ಊಟವಾದ ಮೇಲೆ ನೀವು ನನ್ನನ್ನು ಅದೇ ಬಾಲ್ಕನಿಗೆ ಕರೆದಿರಿ. ತುಳಸಿ ಕುಂಡದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನನ್ನ ಕೈ ಹಿಡಿದುಕೊಂಡು ಕೇಳಿದಿರಿ.

"ಪುಟ್ಟಿ, ನನಗೂ ಅಮ್ಮನ ಹಾಗೇ ಆಗ್ತಾ ಇದೆ ಅಲ್ವಾ? ಇವರೆಲ್ಲ ನನ್ನ ಸಮಾಧಾನಕ್ಕೆ ಇಲ್ಲ ಅಂತಾರೆ. ನೀನು ಹಾಗಲ್ಲ. ನೀನು ಸುಳ್ಳು ಹೇಳಲ್ಲ."

ಹೇಳಿಬಿಡುವುದರಲ್ಲಿದ್ದೆ, ನಿಜವಾಗಿಯೂ. ಆದರೆ ನಿಮ್ಮ ಕೊನೆಯ ವಾಕ್ಯವನ್ನು ಕೇಳಿದ ಮೇಲೆ — ಸುಳ್ಳು ಹೇಳುವುದಿಲ್ಲ ಎಂದು ನಂಬಿದವರ ಮುಂದೆ ಬಾಯಿ ತೆರೆಯುವುದು —

"ಚಾ ಮಾಡ್ಕೊಂಡು ಬರ್ಲಾ ದೊಡ್ಡಮ್ಮ" ಎಂದೆ. ಎದ್ದು ಒಳಗೆ ಹೋದೆ.

ಹೊರಡುವಾಗ ನೀವು ಸ್ಟೀಲಿನ ಡಬ್ಬಿಯಲ್ಲಿ ಚಟ್ನಿಪುಡಿ ಕೊಟ್ಟಿರಿ. ನೀವು ಪಕ್ಕದಲ್ಲಿ ನಿಂತು ಹೇಳಿಕೊಟ್ಟು ಸಿಮ್ರನ್ ಕೈಯಲ್ಲಿ ಮಾಡಿಸಿದ್ದು. ಉಪ್ಪು ಸರಿ ಇದೆಯಾ ಎಂದು ಅವಳನ್ನು ಎರಡೆರಡು ಸಲ ಕೇಳಿ, ಮೊಮ್ಮಗನಿಗೂ ರುಚಿ ತೋರಿಸಿ, ಆಮೇಲೆ ನನಗೆ ಕೊಟ್ಟಿರಿ. ಒಂದು ಚಿಟಿಕೆ ಉಪ್ಪಿನ ವಿಷಯದಲ್ಲಿಯೂ ನಿಮ್ಮ ನಾಲಿಗೆಯನ್ನು ನೀವು ನಂಬಲಿಲ್ಲ. ನೋಯ್ಡಾಗೆ ವಾಪಸ್ಸು ಬರುವಾಗ ಮೆಟ್ರೋದಲ್ಲಿ ಆ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಎದುರು ಕೂತ ಹೆಂಗಸು ನಾನು ಅಳುವುದನ್ನು ನೋಡಿ, ಏನೂ ಕೇಳದೆ ನೀರಿನ ಬಾಟಲಿ ಚಾಚಿದಳು. ತೆಗೆದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ಕಳೆದ ವಾರ ನಿತಿನ್‌ಗೆ ಎಲ್ಲವನ್ನೂ ಹೇಳಿದೆ, ನಮ್ಮ ಮೇಲಿನವರಿಗೂ ಹೇಳಿದೆ. ನಿತಿನ್ ನಗಲಿಲ್ಲ. "ಹಾಗಾದ್ರೆ ಶುಕ್ರವಾರ ಅವರು ಯಾಕೆ ಕೊಡ್ತಿರಲಿಲ್ಲ?" ಎಂದು ಕೇಳಿದ. ಹೇಳಿದೆ. ತನ್ನ ನಾನಿಯೂ, ಅಂದರೆ ಅಮ್ಮನ ಅಮ್ಮನೂ, ಸಂಜೆಯಾದ ಮೇಲೆ ಉಪ್ಪು ಕೊಡುತ್ತಿರಲಿಲ್ಲ, ಆದರೂ ತನಗೆ ಹೊಳೆಯಲೇ ಇಲ್ಲ ಎಂದ. ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ನಮ್ಮಿಬ್ಬರಿಗೂ ಇರುವ ವ್ಯತ್ಯಾಸ ಅಷ್ಟೇ, ಅದು ಸಣ್ಣದಲ್ಲ. ಅಳಿಸಿದ ಅಂಗಡಿಗಳನ್ನು ತಿರುಗಿ ತರಲು ಆಗುವುದಿಲ್ಲವಂತೆ. ಕಂಪನಿಯವರು ನನ್ನನ್ನು ಏನು ಮಾಡುತ್ತಾರೋ ಇನ್ನೂ ತಿಳಿಸಿಲ್ಲ. ಅದು ನಿಮ್ಮ ತಲೆಗೆ ಹಚ್ಚಿಕೊಳ್ಳುವ ವಿಷಯ ಅಲ್ಲ, ದಯವಿಟ್ಟು ಹಚ್ಚಿಕೊಳ್ಳಬೇಡಿ.

ಈ ಬರಹವನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ನಾನೇ ತಂದು, ನಿಮ್ಮ ಎದುರು ಕೂತು ಓದುತ್ತೇನೆ — ಅಡುಗೆಮನೆಯ ನೆಲದಲ್ಲಿ ಕೂತು ಓದುತ್ತಿದ್ದಂತೆ, ತಪ್ಪಿದಲ್ಲಿ ನೀವು ತಿದ್ದುವಂತೆ. ಆಮೇಲೆ ಶಾರದಮ್ಮನಿಗೆ ಫೋನ್ ಹಚ್ಚಿ, ನಿಮ್ಮ ಎದುರಿಗೇ ಹೇಳುತ್ತೇನೆ: ವಿಶಾಲಾಕ್ಷಿಯವರ ಕೈ ತಪ್ಪಿರಲಿಲ್ಲ, ನಾನು ಸುಳ್ಳು ಹೇಳಿದ್ದೆ. ಒಬ್ಬೊಬ್ಬರಿಗೂ ಹೇಳುತ್ತೇನೆ. ರವಿ, ಸಿಮ್ರನ್ ಇಬ್ಬರೂ ಅಲ್ಲೇ ಇರಲಿ. ಮುಗಿದ ಮೇಲೆ ನೀವು ಒಂದು ಕೆಲಸ ಮಾಡಿ. ಒಲೆ ಹಚ್ಚಿ. ಯಾರನ್ನೂ ಕೇಳದೆ ಸಾರಿಗೆ ಉಪ್ಪು ಹಾಕಿ.

ನಿಮ್ಮ ಡಬ್ಬಿಯನ್ನು ತೊಳೆದು ಒಣಗಿಸಿ ಚೀಲದಲ್ಲಿ ಇಟ್ಟಿದ್ದೇನೆ. ಅದರಲ್ಲಿ ಏನಿಡಲಿ ಎಂದು ಬಹಳ ಯೋಚಿಸಿದೆ. ನಮ್ಮ ಸೆಕ್ಟರಿನ ಮಿಠಾಯಿ ಅಂಗಡಿಯ ಕಾಜು ಬರ್ಫಿ ಕೊಂಡೂ ಬಂದಿದ್ದೆ, ಆಮೇಲೆ ಕೆಳಗಿನ ಗಾರ್ಡ್ ಭಯ್ಯಾನಿಗೆ ಕೊಟ್ಟುಬಿಟ್ಟೆ. ಸಿಹಿ ಇಟ್ಟರೆ ನೀವು ಮೊದಲು ಮುಚ್ಚಳ ತೆಗೆಯುತ್ತೀರಿ, ನನಗೇ ಒಂದು ತುಂಡು ತಿನ್ನಿಸುತ್ತೀರಿ, ಅಷ್ಟರಲ್ಲಿ ನಾನು ಮತ್ತೆ ಚಾ ಮಾಡಲು ಎದ್ದುಬಿಡುತ್ತೇನೆ. ಬೇಡ. ಜೀವಮಾನದಲ್ಲಿ ಮೊದಲ ಸಲ ನಿಮ್ಮ ಡಬ್ಬಿಯನ್ನು ಖಾಲಿ ತರುತ್ತಿದ್ದೇನೆ.

ಭಾನುವಾರ ಬರುವುದಿಲ್ಲ. ಶುಕ್ರವಾರ ಸಂಜೆ ಬರುತ್ತೇನೆ, ನೀವು ದೀಪ ಹಚ್ಚಿದ ಮೇಲೆ. ಆ ಹೊತ್ತಿನಲ್ಲಿ ನಿಮ್ಮ ಮನೆಯಿಂದ ಯಾರಿಗೂ ಏನನ್ನೂ ಕೊಡುವುದಿಲ್ಲ. ಅದು ಗೊತ್ತಿದ್ದೇ ಬರುತ್ತಿದ್ದೇನೆ, ದೊಡ್ಡಮ್ಮ.